ಎಲೆಗೆ ಸುಣ್ಣ ಸವರಿದಷ್ಟು



ಊಟ ಮುಗಿಸಿ ಜಗಲಿಯಲ್ಲಿ ಕುಳಿತು ವೀಳ್ಯದೆಲೆಗೆ ಸುಣ್ಣ ಹಚ್ಚುವ ಹಿರಿಯರನ್ನು ನೀವೆಲ್ಲರೂ ಕಂಡವರೇ. ಎಲೆಯ ತೊಟ್ಟು ಮುರಿದು, ಬೆನ್ನಿನ ನಾರು ತೆಗೆದು, ಬೆರಳ ತುದಿಯಲ್ಲಿ ಇಷ್ಟೇ ಇಷ್ಟು ಸುಣ್ಣವನ್ನೆತ್ತಿ ಎಲೆಯ ಮೈಯೆಲ್ಲ ತೆಳುವಾಗಿ ಸವರುತ್ತಾರೆ. ಸುಣ್ಣವಿಲ್ಲದಿದ್ದರೆ ತಾಂಬೂಲ ಕೆಂಪೇರುವುದಿಲ್ಲ. ಹೆಚ್ಚಾದರೆ ನಾಲಿಗೆ ಸುಡುತ್ತದೆ. ಎಲೆ, ಅಡಿಕೆ ಎಷ್ಟೇ ಶ್ರೇಷ್ಠವಾಗಿದ್ದರೂ ತಾಂಬೂಲದ ಹದವಿರುವುದು ಕಣ್ಣಿಗೆ ಕಂಡೂ ಕಾಣದಂತಿರುವ ಆ ಲೇಪನದಲ್ಲಿ.

ಈ ತಿಂಗಳು ನಾನು ನಿಮ್ಮಲ್ಲಿ ನಿವೇದಿಸಿಕೊಳ್ಳಬೇಕೆಂದಿರುವ ವಿಷಯವೂ ಅಂಥದೇ ಒಂದು ಲೇಪನದ್ದು. ಅದು ಲ್ಯಾಪ್‌ಟಾಪಿನ ಒಡಲೊಳಗೆ, ಅದರ ಮಿದುಳೆನಿಸಿದ ಪ್ರೊಸೆಸರ್ ಮತ್ತು ಅದನ್ನು ತಂಪಾಗಿಡುವ ತಾಮ್ರದ ಫಲಕದ ನಡುವೆ ಇರುತ್ತದೆ. ಈ ಅಂಕಣದಲ್ಲಿ ಇಂತಹ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಇಂದು ಅನೇಕ ಮನೆಗಳಲ್ಲಿ ಲ್ಯಾಪ್‌ಟಾಪ್ ಇದೆ. ಮಕ್ಕಳ ಓದು, ಹಿರಿಯರ ಬರಹ, ತೋಟದ ಲೆಕ್ಕ, ಮದುವೆಯ ಛಾಯಾಚಿತ್ರ ಎಲ್ಲವೂ ಅದರೊಳಗೆ ಸೇರಿಕೊಂಡಿವೆ. ಅದು ಹಳೆಯದಾದಾಗ ಹೊಸದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಹಳೆಯದನ್ನೇ ಸುಧಾರಿಸಿಕೊಳ್ಳುವ ಮನೆಗಳಿಗೆ ನನ್ನ ಅನುಭವ ಉಪಯೋಗಕ್ಕೆ ಬಂದೀತು. ಇದಕ್ಕಿಂತ ಮುಖ್ಯವಾಗಿ, ಈ ಪ್ರಕರಣದಲ್ಲಿ ನನ್ನಿಂದ ಒಂದು ತಪ್ಪು ನಡೆದಿದೆ. ಅದನ್ನು ಒಪ್ಪಿಕೊಳ್ಳದೆ ನನಗೆ ಸಮಾಧಾನವಿಲ್ಲ.

ನಡೆದ ಸಂಗತಿ

ನಿವೃತ್ತನಾದ ಮೇಲೆ ನಾನು ಬಂಟ್ವಾಳದಲ್ಲಿ ನೆಲೆಸಿದ್ದೇನೆ. ತಂಗಿಯ ಮನೆ ಬೆಳ್ತಂಗಡಿಯಲ್ಲಿ; ಭಾವನವರು ಶಿಕ್ಷಕರಾಗಿ ಈ ಸೀಮೆಗೆ ಬಂದು ಇಲ್ಲಿಯವರೇ ಆದವರು. ಅವರ ಮಗ ಮೂಡುಬಿದಿರೆಯಲ್ಲಿ ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು ಎಂಜಿನಿಯರಿಂಗ್ ಓದುತ್ತಿದ್ದಾನೆ. ಓಲೆಗರಿಯ ಹಸ್ತಪ್ರತಿಗಳಿಗೆ ವಿವರಣಾತ್ಮಕ ಸೂಚಿಯನ್ನು ಸಿದ್ಧಪಡಿಸುವುದು ನನ್ನ ಈಗಿನ ಕೆಲಸ. ಅದಕ್ಕೆ ಒದಗುತ್ತಿದ್ದುದು 2013ರಲ್ಲಿ ಕೊಂಡ ಒಂದು ಲ್ಯಾಪ್‌ಟಾಪು. ಅದರಲ್ಲಿ ಎರಡು ಕೋರುಗಳ ಇಂಟೆಲ್ ಕೋರ್ ಐ5 3210ಎಂ ಪ್ರೊಸೆಸರ್ ಇತ್ತು. ಓಲೆಗಳ ದೊಡ್ಡ ಚಿತ್ರಗಳನ್ನು ತೆರೆದರೆ ಸಾಕು, ಅದು ಏದುಸಿರು ಬಿಡುತ್ತಿತ್ತು.

ಹೋದ ಬೇಸಿಗೆಯಲ್ಲಿ ಹುಡುಗ ಒಂದು ಉಪಾಯ ಹೇಳಿದ. "ಮಾವ, ಹೊಸದು ಬೇಡ. ಇದರ ಪ್ರೊಸೆಸರ್ ಬೆಸುಗೆ ಹಾಕಿದ್ದಲ್ಲ, ಕಳಚಬಹುದು. ಇದೇ ಸಾಕೆಟ್ಟಿಗೆ ಕೂರುವ ನಾಲ್ಕು ಕೋರಿನ ಐ7 3632ಕ್ಯೂಎಂ ಬಳಸಿದ್ದು ಸಿಗುತ್ತದೆ. ಎರಡಕ್ಕೂ 35 ವಾಟ್, ಹಾಗಾಗಿ ಶಾಖದ ಭಾರ ಹೆಚ್ಚುವುದಿಲ್ಲ" ಎಂದ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಗೆಳೆಯನೊಬ್ಬನ ಮೂಲಕ ತರಿಸಿಯೂ ಕೊಟ್ಟ. ಅದಕ್ಕೆ ಮೂರೂವರೆ ಸಾವಿರ ರೂಪಾಯಿಯನ್ನು ನಾನು ಸಂತೋಷದಿಂದಲೇ ಕೊಟ್ಟೆ.

ಒಂದು ಭಾನುವಾರ ಬೆಳ್ತಂಗಡಿಯ ಮನೆಯ ಜಗಲಿಯಲ್ಲಿ ಯಂತ್ರವನ್ನು ಬಿಚ್ಚಿದೆವು. ತಾಮ್ರದ ಫಲಕವನ್ನು ಎತ್ತಿದಾಗ ಗ್ರಾಫಿಕ್ಸ್ ಚಿಪ್ಪಿನ ಸುತ್ತಲಿನ ಸಣ್ಣ ಚಿಪ್ಪುಗಳ ಮೇಲಿದ್ದ ಮೆತ್ತನೆಯ ಪಟ್ಟಿಗಳು, ಅಂದರೆ ಥರ್ಮಲ್ ಪ್ಯಾಡುಗಳು, ಹರಿದು ಅರ್ಧ ಇತ್ತ ಅರ್ಧ ಅತ್ತ ಅಂಟಿಕೊಂಡವು. "ಮಾವ, ಇವನ್ನು ಬದಲಿಸಲೇಬೇಕು. ಒಳ್ಳೆಯ ಪೇಸ್ಟು, ಸರಿಯಾದ ದಪ್ಪದ ಪ್ಯಾಡು ತರಿಸೋಣ. ಎಂಟುನೂರು ರೂಪಾಯಿ ಆದೀತು, ನಾಲ್ಕು ದಿನ ಕಾಯಬೇಕು" ಎಂದು ಆತ ಹೇಳಿದ. ನಾನು ಒಪ್ಪಲಿಲ್ಲ. "ಈ ರಬ್ಬರಿನ ತುಂಡಿಗೆ ಎಂಟುನೂರೇ? ಹರಿದದ್ದನ್ನು ಮಡಚಿ ಇಡು. ಪ್ರೊಸೆಸರ್ ಜೊತೆಗೆ ಬಂದ ಪೊಟ್ಟಣದ ಪೇಸ್ಟೇ ಸಾಕು" ಎಂದುಬಿಟ್ಟೆ. ಹುಡುಗ ಇನ್ನೊಮ್ಮೆ ಹೇಳಿ ನೋಡಿ, ಹಿರಿಯರ ಮಾತು ಮೀರಬಾರದೆಂದು ಹಾಗೆಯೇ ಮಾಡಿದ. ಆನೆಯನ್ನು ಮಾರಿ ಅಂಕುಶಕ್ಕೆ ಜಗಳವಾಡಿದವರ ಕಥೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ ನಾನು, ಅಂದು ಆನೆಯನ್ನು ಕೊಂಡು ಅಂಕುಶಕ್ಕೆ ಜಿಪುಣತನ ತೋರಿದೆ.

ಯಂತ್ರ ಚುರುಕಾಗಿಯೇ ಎದ್ದಿತು. ಆದರೆ ಭಾರದ ಕೆಲಸ ಕೊಟ್ಟ ಹದಿನೈದು ನಿಮಿಷಕ್ಕೆ ತಾನಾಗಿ ಆರಿಹೋಗುತ್ತಿತ್ತು. ವಿದ್ಯುತ್ತಿನ ದೋಷವಿರಬೇಕೆಂದು ಎರಡು ದಿನ ತಳ್ಳಿದೆ. ಮೂರನೆಯ ರಾತ್ರಿ ಸೂಚಿಯ ಕಡತ ತೆರೆದಿರುವಾಗಲೇ ಆರಿತು. ಮತ್ತೆ ಹೊತ್ತಿಸಿದರೆ ಕಡತ ಕೆಟ್ಟಿತ್ತು. ಪ್ರತಿ ಇದ್ದುದು ಹನ್ನೊಂದು ದಿನ ಹಿಂದಿನದು. ಹನ್ನೊಂದು ದಿನಗಳ ಬರಹ ಹೋಯಿತು. ಮರುದಿನ ಬೆಳ್ತಂಗಡಿಗೆ ಹೋಗಿ, ತಂಗಿ ಭಾವನವರ ಎದುರಿನಲ್ಲಿಯೇ, "ಕೆಟ್ಟ ಪ್ರೊಸೆಸರ್ ತಂದು ತಗುಲಿಸಿದೆ, ಬಾರದ ವಿದ್ಯೆಗೆ ಕೈ ಹಾಕಿದೆ" ಎಂದು ಹುಡುಗನನ್ನು ಗದರಿದೆ. ಆತ ಒಂದು ಮಾತನ್ನೂ ಆಡಲಿಲ್ಲ. ಪ್ಯಾಡಿನ ವಿಷಯ ಎತ್ತಿ ನನ್ನನ್ನು ನಾಲ್ವರ ಮುಂದೆ ಸಣ್ಣವನನ್ನಾಗಿ ಮಾಡುವ ಅವಕಾಶ ಅವನಿಗಿತ್ತು, ಮಾಡಲಿಲ್ಲ. ಮುಂದಿನ ಎರಡು ಭಾನುವಾರ ಮನೆಗೂ ಬರಲಿಲ್ಲ.

ಗಾಳಿಯೆಂಬ ಗೋಡೆ

ಕಾರಣವನ್ನು ತಿಳಿಯಬೇಕಾದರೆ ಶಾಖದ ಸ್ವಭಾವವನ್ನು ತುಸು ಅರಿಯಬೇಕು. ನಮ್ಮ ಸೀಮೆಯ ಹಂಚಿನ ಮನೆಗಳನ್ನೇ ನೋಡಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದಂದಿನಿಂದ ಆ ಕೆಂಪು ಹಂಚು ಇಲ್ಲಿಯ ಗುರುತೇ ಆಗಿದೆ. ಹಂಚು ಕಾದರೂ ಅದರ ಕೆಳಗೆ ಮರದ ಮುಚ್ಚಿಗೆ ಇರುವ ಕೋಣೆ ತಂಪಾಗಿರುತ್ತದೆ. ಹಂಚಿಗೂ ಮುಚ್ಚಿಗೆಗೂ ನಡುವೆ ನಿಂತ ಗಾಳಿ ಶಾಖವನ್ನು ಸುಲಭವಾಗಿ ದಾಟಗೊಡುವುದಿಲ್ಲ. ಮನೆಯ ಮಾಡಿನಲ್ಲಿ ವರವಾದ ಈ ಗಾಳಿಯೇ ಲ್ಯಾಪ್‌ಟಾಪಿನ ಒಡಲಿನಲ್ಲಿ ಶಾಪ.

ಪ್ರೊಸೆಸರಿನ ನೆತ್ತಿಯ ಮೇಲಿರುವ ಸಿಲಿಕಾನ್ ಬಿಲ್ಲೆ ಕನ್ನಡಿಯಂತೆ ಹೊಳೆಯುತ್ತದೆ. ತಾಮ್ರದ ಫಲಕವೂ ನಯವಾಗಿ ಕಾಣುತ್ತದೆ. ಆದರೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೂ ಗುಡ್ಡ ಕಣಿವೆಗಳೇ. ಒಂದರ ಮೇಲೊಂದನ್ನು ಇಟ್ಟರೆ ಗುಡ್ಡದ ತುದಿಗಳು ಮಾತ್ರ ತಾಗುತ್ತವೆ. ಕಣಿವೆಗಳಲ್ಲಿ ಗಾಳಿ ತುಂಬಿರುತ್ತದೆ. ಉಷ್ಣವಾಹಕತೆಯನ್ನು ಅಳೆಯುವ ಮಾನದಲ್ಲಿ ತಾಮ್ರಕ್ಕೆ ಸುಮಾರು 400 ಅಂಕವಾದರೆ ಗಾಳಿಗೆ 0.026. ಅಂದರೆ ತಾಮ್ರವು ಗಾಳಿಗಿಂತ ಹದಿನೈದು ಸಾವಿರ ಪಟ್ಟು ಸಮರ್ಥ ವಾಹಕ. ಈ ಗಾಳಿಯನ್ನು ಹೊರಗಟ್ಟಲು ಹಚ್ಚುವುದೇ ಥರ್ಮಲ್ ಪೇಸ್ಟು. ಸಾಮಾನ್ಯವಾಗಿ ಸಿಲಿಕೋನ್ ಎಣ್ಣೆಯಲ್ಲಿ ಸತುವಿನ ಆಕ್ಸೈಡ್ ಅಥವಾ ಅಲ್ಯುಮಿನಿಯಂ ಆಕ್ಸೈಡಿನ ನುಣುಪು ಹುಡಿಯನ್ನು ಕಲಸಿದ ಲೇಪವಿದು. ನೋಡಲು ಎಲೆಗೆ ಹಚ್ಚುವ ಸುಣ್ಣದಂತೆಯೇ ಇರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಪೇಸ್ಟಿನ ವಾಹಕತೆ ಹೆಚ್ಚೆಂದರೆ ಐದರಿಂದ ಹತ್ತು ಅಂಕ. ಗಾಳಿಯೊಡನೆ ಹೋಲಿಸಿದರೆ ಅದು ಮಹಾದಾನಿ, ತಾಮ್ರದೊಡನೆ ಹೋಲಿಸಿದರೆ ಕಡುಲೋಭಿ. ಆದ್ದರಿಂದ ಗಾಳಿಯ ಜಾಗವನ್ನು ತುಂಬುವಷ್ಟು ಮಾತ್ರ ಅದು ಬೇಕು, ಅದಕ್ಕಿಂತ ಹೆಚ್ಚು ಬೇಡ. ಮುರಕಲ್ಲಿನ ಗೋಡೆ ಕಟ್ಟುವ ಮೇಸ್ತ್ರಿ ಕಲ್ಲುಗಳ ನಡುವೆ ಗಾರೆಯನ್ನು ಸಂದು ತುಂಬುವಷ್ಟೇ ಹಾಕುತ್ತಾನೆ. ಗೋಡೆ ನಿಲ್ಲುವುದು ಕಲ್ಲಿನಿಂದ, ಗಾರೆಯ ದಪ್ಪದಿಂದಲ್ಲ.

ಲೆಕ್ಕ ಹಾಕಿ ನೋಡೋಣ. ನನ್ನ ಪ್ರೊಸೆಸರಿನ ಬಿಲ್ಲೆಯ ವಿಸ್ತೀರ್ಣ 1.6 ಚದರ ಸೆಂಟಿಮೀಟರ್, ಹೆಬ್ಬೆರಳಿನ ಉಗುರಿನಷ್ಟು. ಅಷ್ಟರಿಂದ 35 ವಾಟ್ ಶಾಖ ಹೊರಬರಬೇಕು. ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆಯ ತಳ ಇನ್ನೂರು ಚದರ ಸೆಂಟಿಮೀಟರ್ ಎಂದುಕೊಂಡರೆ, ಒಂದೊಂದು ಚದರ ಸೆಂಟಿಮೀಟರಿಗೆ ಇಸ್ತ್ರಿಪೆಟ್ಟಿಗೆಯಲ್ಲಿ 5 ವಾಟ್, ಈ ಬಿಲ್ಲೆಯಲ್ಲಿ ಸುಮಾರು 22 ವಾಟ್. ನಡುವೆ ಐದು ಅಂಕದ ಪೇಸ್ಟು 0.05 ಮಿಲಿಮೀಟರ್ ದಪ್ಪವಿದ್ದರೆ ಆ ಪದರವನ್ನು ದಾಟುವಾಗ ಉಷ್ಣತೆಯಲ್ಲಿ ಬೀಳುವ ವ್ಯತ್ಯಾಸ ಎರಡು ಡಿಗ್ರಿಯಷ್ಟೇ. ಅದೇ ಪೇಸ್ಟನ್ನು ಅರ್ಧ ಮಿಲಿಮೀಟರ್ ದಪ್ಪ ಮೆತ್ತಿದರೆ ವ್ಯತ್ಯಾಸ 22 ಡಿಗ್ರಿ. ಪೇಸ್ಟಿನ ಬದಲು ಮೂರು ಅಂಕದ ಒಂದು ಮಿಲಿಮೀಟರ್ ಪ್ಯಾಡನ್ನೇ ಪ್ರೊಸೆಸರ್ ಮೇಲೆ ಇಟ್ಟರೆ 70 ಡಿಗ್ರಿ ಮೀರುತ್ತದೆ. 0.05 ಮಿಲಿಮೀಟರಿನಷ್ಟು ಬರಿಯ ಗಾಳಿಯೇ ಉಳಿದರೆ ಲೆಕ್ಕಕ್ಕೆ 400 ಡಿಗ್ರಿಯನ್ನೂ ದಾಟುತ್ತದೆ. ವಾಸ್ತವದಲ್ಲಿ ಅಲ್ಲಿಯವರೆಗೆ ಹೋಗುವುದಿಲ್ಲ. ನೂರರ ಆಸುಪಾಸಿಗೆ ಬರುತ್ತಲೇ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಅದೂ ಸಾಲದಾದಾಗ ಯಂತ್ರ ಆರಿಹೋಗುತ್ತದೆ. ನನ್ನ ಮನೆಯಲ್ಲಿ ನಡೆದದ್ದು ಇದೇ.

ಪೇಸ್ಟು ಎಲ್ಲಿ, ಪ್ಯಾಡು ಎಲ್ಲಿ?

ಹಾಗಾದರೆ ಪ್ಯಾಡುಗಳೇಕೆ ಎಂಬ ಪ್ರಶ್ನೆ ಸಹಜ. ಒಂದೇ ತಾಮ್ರದ ಫಲಕ ಪ್ರೊಸೆಸರ್ ಅಲ್ಲದೆ ಗ್ರಾಫಿಕ್ಸ್ ಚಿಪ್ಪು, ಅದರ ಮೆಮೊರಿ, ವಿದ್ಯುತ್ತನ್ನು ಹದಗೊಳಿಸುವ ಬಿಡಿಭಾಗಗಳು ಎಲ್ಲವನ್ನೂ ತಣಿಸಬೇಕಾಗುತ್ತದೆ. ಇವೆಲ್ಲ ಒಂದೇ ಎತ್ತರದವಲ್ಲ. ಪ್ರೊಸೆಸರ್ ಬಿಲ್ಲೆಗೆ ಫಲಕ ಬಿಗಿಯಾಗಿ ತಾಗುವಾಗ, ಪಕ್ಕದ ಚಿಪ್ಪುಗಳಿಗೂ ಫಲಕಕ್ಕೂ ನಡುವೆ ಅರ್ಧ, ಒಂದು ಅಥವಾ ಒಂದೂವರೆ ಮಿಲಿಮೀಟರ್ ಅಂತರ ಉಳಿಯುತ್ತದೆ. ಅಷ್ಟು ದೊಡ್ಡ ಸಂದನ್ನು ಪೇಸ್ಟು ತುಂಬಲಾರದು, ಹರಿದುಹೋಗುತ್ತದೆ. ಅಲ್ಲಿಗೆ ಸಿಲಿಕೋನ್ ರಬ್ಬರಿನಲ್ಲಿ ಶಾಖವಾಹಕ ಹುಡಿ ಬೆರೆಸಿ ಮಾಡಿದ ಮೆತ್ತನೆಯ ಪ್ಯಾಡು ಬೇಕು. ಆ ಚಿಪ್ಪುಗಳ ಶಾಖ ಕಡಿಮೆಯಾದ್ದರಿಂದ ಪ್ಯಾಡು ಸಾಕಾಗುತ್ತದೆ.

ಇದರಿಂದ ಎರಡು ನಿಯಮಗಳು ತಾವಾಗಿ ಹೊರಡುತ್ತವೆ. ಪೇಸ್ಟಿನ ಜಾಗಕ್ಕೆ ಪ್ಯಾಡನ್ನೂ, ಪ್ಯಾಡಿನ ಜಾಗಕ್ಕೆ ಪೇಸ್ಟನ್ನೂ ಹಾಕಬಾರದು. ಪ್ಯಾಡಿನ ದಪ್ಪ ಮೂಲದಷ್ಟೇ ಇರಬೇಕು. ತೆಳುವಾದರೆ ಆ ಚಿಪ್ಪಿಗೆ ತಾಗದೆ ಅದು ಕಾಯುತ್ತದೆ. ದಪ್ಪವಾದರೆ ಇನ್ನೂ ದೊಡ್ಡ ಅನಾಹುತ: ಪ್ಯಾಡು ಫಲಕವನ್ನೇ ಮೇಲೆತ್ತಿ, ಪ್ರೊಸೆಸರಿನ ಮೈಯಿಂದ ಅಗಲಿಸಿಬಿಡುತ್ತದೆ.

ಮೂರನೆಯ ಭಾನುವಾರ ಮನಸ್ಸು ತಡೆಯದೆ ಸಿದ್ಧಕಟ್ಟೆ ಮಾರ್ಗದ ಬಸ್ಸು ಹತ್ತಿ ಯಂತ್ರದೊಡನೆ ನಾನೇ ಮೂಡುಬಿದಿರೆಗೆ ಹೋದೆ. ಹುಡುಗ ಮೌನವಾಗಿ ಅದನ್ನು ಬಿಚ್ಚಿ, ಫಲಕವನ್ನೆತ್ತಿ ನನ್ನೆದುರು ಹಿಡಿದ. ಪೇಸ್ಟು ಒಂದು ಅಂಚಿನಲ್ಲಿ ಮಾತ್ರ ಒತ್ತಿ ತೆಳುವಾಗಿತ್ತು. ಉಳಿದ ಮುಕ್ಕಾಲು ಭಾಗದಲ್ಲಿ ಹಚ್ಚಿದ ಹಾಗೆಯೇ ಉಬ್ಬಿಕೊಂಡಿತ್ತು. ನಾನು ಮಡಚಿ ಇಡಿಸಿದ ಪ್ಯಾಡು ಒಂದರ ಜಾಗದಲ್ಲಿ ಎರಡು ಮಿಲಿಮೀಟರ್ ಆಗಿ ಫಲಕವನ್ನು ಓರೆಯಾಗಿಸಿತ್ತು. ಪ್ರೊಸೆಸರಿನಲ್ಲಿ ಯಾವ ದೋಷವೂ ಇರಲಿಲ್ಲ. ದೋಷ ಇದ್ದದ್ದು ನನ್ನ ಎಂಟುನೂರು ರೂಪಾಯಿಯ ಉಳಿತಾಯದಲ್ಲಿ.

ಮಾಡುವ ಕ್ರಮ

ಆ ಬಳಿಕ ಅವನು ಮಾಡಿದ ಕ್ರಮವನ್ನು, ಬೇರೆಯವರಿಂದ ನಾನು ಕೇಳಿ ತಿಳಿದುದನ್ನೂ ಸೇರಿಸಿ, ಇಲ್ಲಿ ಬರೆಯುತ್ತೇನೆ.

ಮೊದಲು ಪ್ರೊಸೆಸರ್ ಬದಲಿಸಲು ಸಾಧ್ಯವೇ ಎಂಬುದನ್ನು ನೋಡಬೇಕು. ಇಂಟೆಲ್ ಸಂಸ್ಥೆಯ ಲ್ಯಾಪ್‌ಟಾಪ್ ಪ್ರೊಸೆಸರುಗಳಲ್ಲಿ 2013ರ ನಾಲ್ಕನೆಯ ಪೀಳಿಗೆಯೇ ಸಾಕೆಟ್ಟಿನಲ್ಲಿ ಕೂರುವ ಕೊನೆಯದು. ಆ ಪೀಳಿಗೆಯಲ್ಲಿಯೂ ಅನೇಕವು ಬೆಸುಗೆ ಹಾಕಿದವು. ಅನಂತರದವು ಮದರ್‌ಬೋರ್ಡಿಗೆ ಬೆಸೆದೇ ಬರುತ್ತವೆ. ಅವನ್ನು ಬದಲಿಸಲಾಗದು, ಆದರೆ ಪೇಸ್ಟು, ಪ್ಯಾಡುಗಳನ್ನು ನವೀಕರಿಸಬಹುದು. ಸಾಕೆಟ್ ಹೊಂದಿದರೆ ಸಾಲದು, ಮದರ್‌ಬೋರ್ಡಿನ ಬಯೋಸ್ ಹೊಸ ಪ್ರೊಸೆಸರನ್ನು ಗುರುತಿಸಬೇಕು. ಬಯೋಸ್ ನವೀಕರಣವಿದ್ದರೆ ಹಳೆಯ ಪ್ರೊಸೆಸರ್ ಇರುವಾಗಲೇ ಮಾಡಿಕೊಳ್ಳಬೇಕು. ವಾಟಿನ ಪ್ರಮಾಣ ಹಳೆಯದಕ್ಕೆ ಸಮನಾಗಿರಲಿ. 35 ವಾಟಿಗೆಂದು ಮಾಡಿದ ಫಲಕ, ಫ್ಯಾನುಗಳಿಗೆ 45 ವಾಟನ್ನು ಹೊರಿಸುವುದು ಎಳೆಗರುವಿಗೆ ನೊಗ ಕಟ್ಟಿದಂತೆ.

ಬಿಚ್ಚುವ ಮೊದಲು ಕಡತಗಳ ಪ್ರತಿಯನ್ನು ಬೇರೊಂದೆಡೆ ತೆಗೆದಿಡಬೇಕು. ಹನ್ನೊಂದು ದಿನಗಳನ್ನು ಕಳೆದುಕೊಂಡವನ ಮಾತಿದು, ದಯವಿಟ್ಟು ಮರೆಯಬೇಡಿ. ಭಾರದ ಕೆಲಸದಲ್ಲಿ ಉಷ್ಣತೆ ಎಷ್ಟೆಂಬುದನ್ನು ಬರೆದಿಟ್ಟುಕೊಂಡರೆ ಆಮೇಲೆ ಹೋಲಿಸಲು ಅನುಕೂಲ. ಬಳಿಕ ಕೆಲವು ನಿಮಿಷ ಯಂತ್ರವನ್ನು ನಡೆಸಿ ಬೆಚ್ಚಗಾಗಿಸಿ, ಆರಿಸಿ, ಅಡಾಪ್ಟರನ್ನೂ ಬ್ಯಾಟರಿಯನ್ನೂ ಕಳಚಬೇಕು. ಬೆಚ್ಚಗಿದ್ದಾಗ ಹಳೆಯ ಪೇಸ್ಟು ಸಡಿಲವಾಗಿರುತ್ತದೆ. ಮೈಯಲ್ಲಿನ ಸ್ಥಿರ ವಿದ್ಯುತ್ತು ಚಿಪ್ಪಿಗೆ ತಾಗದಂತೆ ಮೊದಲು ಭೂಸಂಪರ್ಕವಿರುವ ಲೋಹದ ವಸ್ತುವನ್ನು ಮುಟ್ಟಬೇಕು.

ಫಲಕದ ತಿರುಪುಗಳ ಪಕ್ಕ ಸಾಮಾನ್ಯವಾಗಿ 1, 2, 3, 4 ಎಂಬ ಅಂಕಿಗಳಿರುತ್ತವೆ. ಬಿಚ್ಚುವಾಗ ಕೊನೆಯ ಅಂಕಿಯಿಂದ ಹಿಂದಕ್ಕೆ, ಬಿಗಿಯುವಾಗ ಒಂದರಿಂದ ಮುಂದಕ್ಕೆ, ಪ್ರತಿಯೊಂದನ್ನೂ ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಒಂದನ್ನೇ ಪೂರ್ತಿ ಬಿಗಿದರೆ ಫಲಕ ಓರೆಯಾಗಿ ಬಿಲ್ಲೆಯ ಮೂಲೆ ಒಡೆಯಬಹುದು. ಮೇಜುಗಣಕದ ಪ್ರೊಸೆಸರಿಗಿರುವ ಲೋಹದ ಮುಚ್ಚಳ ಲ್ಯಾಪ್‌ಟಾಪಿನದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ, ಬಿಲ್ಲೆ ಬರಿಮೈಯಲ್ಲಿರುತ್ತದೆ. ಫಲಕ ಬಿಡದಿದ್ದರೆ ಎಳೆಯಬಾರದು, ಎಡಕ್ಕೂ ಬಲಕ್ಕೂ ಮೆಲ್ಲನೆ ಅಲುಗಿಸಬೇಕು.

ಹಳೆಯ ಪೇಸ್ಟು ಬಿಸಿ ತಣ್ಣನೆಗಳ ಏರಿಳಿತದಲ್ಲಿ ಎಣ್ಣೆಯನ್ನು ಅಂಚಿಗೆ ಬಿಟ್ಟು, ಸುಣ್ಣದ ಡಬ್ಬಿಯ ತಳದಲ್ಲಿ ಒಣಗಿದ ಸುಣ್ಣದಂತೆ ಬಿರುಕುಬಿಟ್ಟಿರುತ್ತದೆ. ಅದರ ಮೇಲೆಯೇ ಹೊಸದನ್ನು ಹಚ್ಚಕೂಡದು. ಶೇಕಡಾ 90ಕ್ಕೆ ಮೀರಿದ ಐಸೊಪ್ರೊಪೈಲ್ ಆಲ್ಕೋಹಾಲನ್ನು ಕನ್ನಡಕ ಒರೆಸುವಂತಹ ನೂಲು ಬಿಡದ ಬಟ್ಟೆಗೆ ತಾಗಿಸಿ, ಬಿಲ್ಲೆಯನ್ನೂ ತಾಮ್ರವನ್ನೂ ಹೊಳೆಯುವಂತೆ ಒರೆಸಬೇಕು. ಕೈಗೆ ಹಚ್ಚುವ ಸ್ಯಾನಿಟೈಸರ್ ಆಗದು. ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ. ಚೂಪಾದ ಲೋಹದಿಂದ ಕೆರೆಯಲೇಬಾರದು. ಸ್ವಚ್ಛವಾದ ಮೇಲೆ ಬೆರಳು ತಾಗಿಸಬಾರದು.

ಸಾಕೆಟ್ಟಿನ ಬದಿಯ ತಿರುಪನ್ನು ಅರ್ಧ ಸುತ್ತು ತಿರುಗಿಸಿದರೆ ಪ್ರೊಸೆಸರ್ ಸಡಿಲಾಗುತ್ತದೆ. ಹೊಸದರ ಮೂಲೆಯ ತ್ರಿಕೋನದ ಗುರುತನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ ಇಟ್ಟರೆ ಅದು ತನ್ನ ಭಾರಕ್ಕೆ ತಾನೇ ಕೂರಬೇಕು. ಒತ್ತಬೇಕಾಗಿ ಬಂದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ.

ಪ್ಯಾಡುಗಳ ದಪ್ಪವನ್ನು ಹಳೆಯ ಪ್ಯಾಡಿನ ಒತ್ತು ಬೀಳದ ಅಂಚಿನಲ್ಲಿ ವರ್ನಿಯರ್ ಕ್ಯಾಲಿಪರಿನಿಂದ ಅಳೆದು, ಅಷ್ಟೇ ದಪ್ಪದ್ದನ್ನು ತರಿಸಿ, ಚಿಪ್ಪಿನ ಅಳತೆಗೆ ಕತ್ತರಿಸಬೇಕು. ಎರಡೂ ಕಡೆಯ ರಕ್ಷಣಾ ಹಾಳೆಯನ್ನು ಸುಲಿಯಲು ಮರೆಯುವವರೂ ಉಂಟು. ಹಾಗಾದರೆ ಮಾಡಿದ್ದೆಲ್ಲ ವ್ಯರ್ಥ. ಪೇಸ್ಟು ಒಂದು ಅಕ್ಕಿಕಾಳಿನಷ್ಟು ಸಾಕು. ಬರಿಮೈಯ ಬಿಲ್ಲೆಯಾದ್ದರಿಂದ ಗಟ್ಟಿ ಕಾಗದದ ಅಂಚಿನಿಂದ ಮೂಲೆ ಮೂಲೆಗೂ ತೆಳುವಾಗಿ ಸವರುವುದು ಕ್ಷೇಮ. ಫಲಕವನ್ನು ಒಂದು ಸಲ ಕೂರಿಸಿ ಎತ್ತಿ ನೋಡಿದರೆ ಪೇಸ್ಟಿನ ಅಚ್ಚು ಎಲ್ಲೆಡೆ ಸಮವಾಗಿ ಬಿದ್ದಿದೆಯೇ ಎಂಬುದು ತಿಳಿಯುತ್ತದೆ. ಸಮವಾಗಿದ್ದರೆ ಒರೆಸಿ, ಹೊಸದಾಗಿ ಹಚ್ಚಿ, ಬಿಗಿಯಬಹುದು. ಇದೊಂದು ಪರೀಕ್ಷೆಯನ್ನು ಬೆಳ್ತಂಗಡಿಯ ಜಗಲಿಯಲ್ಲಿ ಮಾಡಿದ್ದರೆ ನನ್ನ ಹನ್ನೊಂದು ದಿನ ಉಳಿಯುತ್ತಿತ್ತು.

ಹಲ್ಲುಜ್ಜುವ ಪೇಸ್ಟನ್ನೇ ಹಚ್ಚಬಹುದೆಂದು ಹೇಳುವವರಿದ್ದಾರೆ. ಅದರ ನೀರಿನಂಶ ಕೆಲವೇ ದಿನಗಳಲ್ಲಿ ಆರಿ ಬರಿಯ ಹೆಂಟೆ ಉಳಿಯುತ್ತದೆ. ದ್ರವಲೋಹವೆಂಬ ಇನ್ನೊಂದು ಬಗೆಯಿದೆ. ಅದು ಗ್ಯಾಲಿಯಂ ಬೆರೆತದ್ದು. ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ, ಚೆಲ್ಲಿದರೆ ವಿದ್ಯುತ್ತನ್ನು ಹರಿಸಿ ಬೋರ್ಡನ್ನು ಸುಡುತ್ತದೆ. ಗೃಹಸ್ಥರಿಗೆ ಅದು ಬೇಡ.

ನಮ್ಮ ಸೀಮೆಯ ಹವೆ

ಕರಾವಳಿಯವರು ಇನ್ನೂ ಒಂದೆರಡು ಮಾತು ಗಮನಿಸಬೇಕು. ಕೋಣೆಯ ಉಷ್ಣತೆ ಹತ್ತು ಡಿಗ್ರಿ ಏರಿದರೆ ಯಂತ್ರದ ಒಳಗಿನದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಡಿಸೆಂಬರಿನ ಬೆಳಗಿನಲ್ಲಿ ಸುಮ್ಮನಿದ್ದ ಯಂತ್ರ ಏಪ್ರಿಲ್ ಮಧ್ಯಾಹ್ನ ಹಠ ಹಿಡಿಯುವುದು ಇದರಿಂದಲೇ. ಬೇಸಿಗೆಯ ಕೆಮ್ಮಣ್ಣಿನ ಧೂಳು, ಅಂಗಳದಲ್ಲಿ ಅಡಿಕೆ ಒಣಗಿಸುವಾಗಿನ ಹುಡಿ ಫ್ಯಾನಿನೊಳಗೆ ಸೇರುತ್ತವೆ. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರಿನ ತೇವ ಅದನ್ನು ಹತ್ತಿಯ ಹಾಸಿನಂತೆ ಗಟ್ಟಿಗೊಳಿಸುತ್ತದೆ. ಈ ಹಾಸು ಫ್ಯಾನಿಗೂ ಲೋಹದ ರೆಕ್ಕೆಗಳಿಗೂ ನಡುವೆ ಅಡಗಿರುತ್ತದೆ. ಫ್ಯಾನನ್ನು ಬಿಚ್ಚದೆ ಕಾಣುವುದಿಲ್ಲ. ಪ್ರೊಸೆಸರಿನಿಂದ ಆ ರೆಕ್ಕೆಗಳಿಗೆ ಶಾಖ ಒಯ್ಯುವ ತಾಮ್ರದ ಕೊಳವೆ ಟೊಳ್ಳಾಗಿದ್ದು, ಅದರೊಳಗಿನ ತುಸು ದ್ರವ ಬಿಸಿಯ ತುದಿಯಲ್ಲಿ ಆವಿಯಾಗಿ ತಂಪಿನ ತುದಿಯಲ್ಲಿ ಮತ್ತೆ ದ್ರವವಾಗುತ್ತದೆ. ರೆಕ್ಕೆಗಳೇ ಮುಚ್ಚಿದ್ದರೆ ಆವಿ ತಣಿಯುವುದೆಲ್ಲಿ? ಆದ್ದರಿಂದ ಪೇಸ್ಟು ಬದಲಿಸುವ ದಿನವೇ ಧೂಳನ್ನೂ ತೆಗೆಯಬೇಕು. ಹಾಸಿಗೆ, ದಿಂಬಿನ ಮೇಲೆ ಯಂತ್ರವನ್ನಿಟ್ಟು ಕೆಳಗಿನ ಗಾಳಿಕಿಂಡಿಯನ್ನು ಮುಚ್ಚುವ ಅಭ್ಯಾಸ ಮಕ್ಕಳಿಗೆ ಬೇಡ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕಪಾಟಿನಲ್ಲಿ ಮುಚ್ಚಿಡದೆ ಆಗಾಗ ಹೊತ್ತಿಸುವುದು ಒಳ್ಳೆಯದು.

ಇಷ್ಟೆಲ್ಲ ಮಾಡುವುದು ಎಲ್ಲರಿಗೂ ತಕ್ಕುದೇ? ಅಲ್ಲ. ಹಳೆಯ ಯಂತ್ರಕ್ಕೆ ಎಷ್ಟೇ ಹೊಸ ಪ್ರೊಸೆಸರ್ ಹಾಕಿದರೂ ಅದರ ಪೀಳಿಗೆಯ ಮಿತಿಯನ್ನು ದಾಟಲಾಗದು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೆಯ ಪೀಳಿಗೆ ಅಥವಾ ಮುಂದಿನದು ಬೇಕೆಂಬುದು ಅಧಿಕೃತ ನಿಯಮ. ನಾನು ಲಿನಕ್ಸ್ ಹಾಕಿಸಿಕೊಂಡಿದ್ದೇನೆ. ಕನ್ನಡ ಬರೆಯಲು ಯಾವ ತೊಡಕೂ ಆಗಿಲ್ಲ. ಬರಹ, ಓದು, ಲೆಕ್ಕಗಳಿಗಷ್ಟೇ ಬಳಸುವ ಮನೆಗಳಲ್ಲಿ ಯಂತ್ರದ ಆಯುಸ್ಸು ಇನ್ನೂ ಕೆಲವು ವರ್ಷ ಹೆಚ್ಚೀತು. ಉಳಿಸಲಾಗದಿದ್ದರೆ ಗುಜರಿಗೋ ಹೊಳೆಗೋ ಎಸೆಯದೆ ನೋಂದಾಯಿತ ಇ–ತ್ಯಾಜ್ಯ ಸಂಸ್ಕರಣಕಾರರಿಗೆ ತಲುಪಿಸಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳ ಆಶಯವೂ ಅದೇ. ಬ್ಯಾಟರಿ ಉಬ್ಬಿದ್ದರೆ ಮನೆಯಲ್ಲಿ ಬಿಚ್ಚುವ ಸಾಹಸ ಸಲ್ಲದು. ತಿಳಿದವರ ಕೈಗೆ ಕೊಡಿ.

ಮೂಡುಬಿದಿರೆಯಲ್ಲಿ ಆ ಭಾನುವಾರ ಅಳತೆ ತೆಗೆದು ತರಿಸಿದ ಹೊಸ ಪ್ಯಾಡು, ಹೊಸ ಪೇಸ್ಟುಗಳನ್ನು ಹಾಕಿದ್ದು ಮುಂದಿನ ವಾರ. ಪ್ರೊಸೆಸರ್ ಬದಲಿಸುವ ಮೊದಲು ಭಾರದ ಕೆಲಸದಲ್ಲಿ 92 ಡಿಗ್ರಿ ಮುಟ್ಟುತ್ತಿದ್ದ ಯಂತ್ರ, ನಾಲ್ಕು ಕೋರುಗಳೊಡನೆ ಈಗ 80ರ ಆಸುಪಾಸಿನಲ್ಲಿ ನಿಂತಿದೆ. ಅಂದಿನಿಂದ ಒಮ್ಮೆಯೂ ತಾನಾಗಿ ಆರಿಲ್ಲ. ಕಳೆದುಹೋದ ಹನ್ನೊಂದು ದಿನಗಳ ಸೂಚಿಯನ್ನು ಓಲೆಗಳ ಚಿತ್ರಗಳಿಂದ ಮತ್ತೆ ಬರೆದು ಮುಗಿಸಿದೆ.

ಆದರೆ ಬರೆದು ಸರಿಪಡಿಸಲಾಗದ ಇನ್ನೊಂದು ಬಾಕಿ ಇತ್ತು. ಗದರಿದ್ದು ನಾಲ್ವರೆದುರು, ಹಾಗಾಗಿ ತಪ್ಪೊಪ್ಪಿಗೆಯೂ ಅದೇ ಜಗಲಿಯಲ್ಲಿ, ತಂಗಿ ಭಾವನವರ ಎದುರಿನಲ್ಲಿಯೇ ಆಗಬೇಕೆಂದು ಹುಡುಗನನ್ನು ಕರೆದುಕೊಂಡು ಬೆಳ್ತಂಗಡಿಗೆ ಹೋದೆ. "ಮಗೂ, ನೀನು ಹೇಳಿದ್ದೇ ಸರಿ. ಎಂಟುನೂರು ರೂಪಾಯಿಗೆ ಕೈ ಬಿಗಿಹಿಡಿದವನು ನಾನು. ತಪ್ಪು ನನ್ನದು" ಎಂದೆ. ಅವನು ತಲೆ ತಗ್ಗಿಸಿ, "ಇರಲಿ ಮಾವ, ಆವತ್ತು ನಾನೂ ಇನ್ನೊಂದು ಸಲ ಗಟ್ಟಿಯಾಗಿ ಹೇಳಬೇಕಿತ್ತು" ಎಂದ. ತಂಗಿ ಒಳಗಿನಿಂದ ಎಲೆಯಡಿಕೆಯ ತಟ್ಟೆ ತಂದಿಟ್ಟಳು. ಎಲೆಗೆ ಸುಣ್ಣ ಸವರುತ್ತ ಕುಳಿತ ನನಗೆ, ನಮಗಿಂತ ಕಿರಿಯರು ತಾವು ಕಲಿತ ವಿದ್ಯೆಯ ಬಗ್ಗೆ ಮಾತನಾಡುವಾಗ ಕಿವಿಗೊಡುವುದಕ್ಕೆ ಯಾವ ವೆಚ್ಚವೂ ಇಲ್ಲವಲ್ಲ ಎನಿಸಿತು.

ನಿಮ್ಮ ಮನೆಯ ಯಂತ್ರವನ್ನು ಬಿಚ್ಚುವ ಮುನ್ನ ಆ ತೆಳುವಾದ ಲೇಪನದ ಬೆಲೆಯನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಿ.